ಸೊನ್ನೆ

ಜನತಾ ವಸಾಹತಿನ ನಮ್ಮ ಮನೆಗೆ ನೂರಾ ಹನ್ನೆರಡು ಮೆಟ್ಟಿಲು.
ಅರವತ್ತನೆಯದಕ್ಕೆ ಭಾನುದಾಸ ನಿಲ್ಲುತ್ತಿದ್ದ,
ಹೊತ್ತು ತಂದ ಸಿಲಿಂಡರ್ ಇಳಿಸಿ
ಅದರ ಮೇಲೇ ಕೂತು ಬೀಡಿ ಹಚ್ಚುತ್ತಿದ್ದ.
ಮೇಲೆ ಮುಟ್ಟಿಸಿದ್ದಕ್ಕೆ ಐವತ್ತು ರೂಪಾಯಿ ಬೇರೆ,
ರಸೀದಿಯಲ್ಲಿ ಇರದ್ದು.

ಅವ್ವ ಎಲ್ಲವನ್ನೂ ರೊಟ್ಟಿಯಲ್ಲಿ ಎಣಿಸುವವಳು.
ಭಾನುದಾಸ ಹತ್ತು ರೊಟ್ಟಿ,
ನನ್ನ ಶಾಲೆಯ ಬೂಟು ಅರವತ್ತು,
ಅಪ್ಪನ ಎದೆಯ ಎಕ್ಸ್‌ರೇ ಎಂಬತ್ತು.
ಸಿಲಿಂಡರ್?
ಅದನ್ನ ಎಣಸಬಾರದು ಅಂತ ಕೈಯ ಹಿಟ್ಟು ಝಾಡಿಸುವಳು.

ಆದರೂ ಸ್ವಲ್ಪ ತಿರುಗಿ ಬರುತ್ತಿತ್ತು,
ಸರಕಾರದಿಂದ ಬ್ಯಾಂಕಿಗೆ. ಮೊಬೈಲು ಟುಂಯ್ ಅಂದರೆ
ಬಡಿಯುವ ಕೈ ತಡೆದು, ಓದು, ಎಷ್ಟೈತಿ, ಅನ್ನುವಳು.
ಓದಿದರೆ,
"ನಲವತ್ತು ರೊಟ್ಟಿ ಮನಿಗೆ ಬಂದ್ವು ನೋಡು"
ಮತ್ತೆ ಬಡಿತ, ಈ ಸಲ ತುಸು ಜೋರು.

ಗ್ಯಾಸ್ ಬುಕ್ ಮಾಡುವುದು ನನ್ನ ಕೆಲಸ. ನನಗೆ ಹನ್ನೊಂದು.
ಫೋನಿನೊಳಗಿನ ಹೆಂಗಸು ಮರಾಠಿಗೆ ಒಂದು,
ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು ಎನ್ನುವಳು.
ಕನ್ನಡಕ್ಕೆ ಅಂಕಿ ಇರಲಿಲ್ಲ.
ಒಂದನ್ನೇ ಒತ್ತುತ್ತಿದ್ದೆ.
ಆ ಸಂಜೆ ಅವಳು ಹೊಸದೇನನ್ನೋ ಉದ್ದಕ್ಕೆ ಹೇಳಿದಳು.
ಹೊರಗೆ ನಳ ಬಂದಿತ್ತು, ಕೊಡಗಳ ಗದ್ದಲ,
ಕೊನೆಗೆ "ಶೂನ್ಯ ದಾಬಾ" ಅಂದದ್ದಷ್ಟೇ ಕಿವಿಗೆ ಬಿತ್ತು.
ಒತ್ತಿದೆ.
ಧನ್ಯವಾದ ಅಂದಳು. ಬಹಳ ಮೆತ್ತಗೆ ಅಂದಳು.

ಮುಂದೆ ಮೊಬೈಲು ಸುಮ್ಮನಾಯಿತು.
ಒಂದು ಸಿಲಿಂಡರ್, ಎರಡು, ಮೂರು.
ಅವ್ವ ಬ್ಯಾಂಕಿಗೆ ಹೋದಳು, ಅವರು ಏಜೆನ್ಸಿಗೆ ಕಳಿಸಿದರು,
ಏಜೆನ್ಸಿಯವರು ಊಟಕ್ಕೆ ಹೋಗಿದ್ದರು.
ಮಾರನೇ ದಿನ ಧುಮಾಳ ಸಾಹೇಬರು ಕಂಪ್ಯೂಟರು ನೋಡಿ
ಅವ್ವನ ನೋಡಿ
ಮತ್ತೆ ಕಂಪ್ಯೂಟರು ನೋಡಿ
ಕುರ್ಚಿ ತರಿಸಿದರು.
ಬಾಯಿ, ಸಬ್ಸಿಡಿ ನೀವೇ ಬಿಟ್ಟುಕೊಟ್ಟಿದ್ದೀರಿ, ದೇಶಕ್ಕೆ.
"ನಾ ಕೊಟ್ಟೇನ್ರೀ?"
ಕನ್ನಡದಲ್ಲೇ ಕೇಳಿಬಿಟ್ಟಳು. ಅವರಿಗೆ ತಿಳಿಯಲಿಲ್ಲ, ಕೈ ಮುಗಿದರು.

ಗುಡ್ಡ ಹತ್ತುತ್ತ ಒಂದೇ ಸಮನೆ ನಕ್ಕಳು.
ಹುಟ್ಟಿದಾಗಿಂದ ಇಸಕೊಂಡದ್ದೇ ಆತು,
ಕಡ ಹಿಟ್ಟು, ಕಡ ಎಣ್ಣಿ, ಅಕ್ಕನ ಹಳೀ ಸೀರಿ.
ಈಗ ನೋಡ, ಕೊಟ್ಟೀನಂತ,
ಇಷ್ಟ ದೊಡ್ಡ ದೇಶಕ್ಕ!
ಅರವತ್ತನೇ ಮೆಟ್ಟಿಲಿಗೆ ಕೂತಳು.
ನಗು ಅಲ್ಲಿಗೇ ನಿಂತಿತು.

ನಾನು ಹೇಳಲಿಲ್ಲ.

ರೊಟ್ಟಿಗೆ ಒಂದು ರೂಪಾಯಿ ಏರಿಸಿದೆವು.
ಸ್ವಾರಗೇಟಿನ ಮೆಸ್ಸಿನವ ದಿನಕ್ಕೆ ಮೂವತ್ತು ಇಳಿಸಿದ.
ಸ್ನಾನದ ನೀರಿಗೆ ಸೆಂಟ್ರಿಂಗ್ ಹಲಗೆಯ ಚೂರು ಆಯ್ದು ತಂದೆ,
ಮೊಳೆ ಕಿತ್ತು ಡಬ್ಬಿಯಲ್ಲಿಟ್ಟೆ.
ಆ ಡಬ್ಬಿ ಈಗಲೂ ಇದೆ, ತುಂಬಿದೆ,
ಯಾತಕ್ಕೆಂದು ಗೊತ್ತಿಲ್ಲ.

ಕೆಲವು ವರ್ಷ ಕಳೆದು ಎಲ್ಲರ ಮೊಬೈಲೂ ಸುಮ್ಮನಾದವು,
ಸೊನ್ನೆ ಒತ್ತದವರದ್ದೂ.
ನಳದ ಹತ್ತಿರ ಬೈಗುಳ, ಎರಡು ಭಾಷೆ ಕಲಸಿದ್ದು.
ನಿನಗೆ ಸಿಟ್ಟಿಲ್ಲವಾ ಭೌರವ್ವ, ಶೇವಂತಾಬಾಯಿ ಕೇಳಿದಳು.
"ನಾ ಎಲ್ಲಾರಕಿಂತ ಮೊದಲ ಕೊಟ್ಟಾಕಿ"
ಅವ್ವ ಕೊಡ ತಿರುವಿಟ್ಟಳು.
ಯಾರೂ ನಗಲಿಲ್ಲ.

ಮೊನ್ನೆ ಗ್ಯಾಸ್ ತೀರುತ್ತ ಬಂದು ಉರಿ ಕೆಂಪಗಾಯಿತು.
ಇನ್ನೂ ಆರು ರೊಟ್ಟಿ ಬಾಕಿ.
ಸಿಲಿಂಡರ್ ಅಡ್ಡ ಮಲಗಿಸಿ
ತೊಡೆಗೆ ಆನಿಸಿಕೊಂಡು ತೊಟ್ಟಿಲಿನಂತೆ ತೂಗುತ್ತ
ಅವ್ವಾ, ಅವತ್ತು ಸೊನ್ನೆ ಒತ್ತಿದ್ದು ನಾನು, ಅಂದೆ.
ಬಡಿಯುವ ಕೈ ತಡೆಯಲಿಲ್ಲ.
"ಮತ್ತೇನ ನಾ ಒತ್ತಿದ್ನೇನ? ನನಗ ಫೋನ್ ಹಿಡಿಯಾಕರ ಬರತೈತೇನ?
ಹಂಗಲ್ಲ, ಈ ಕಡೆ ವಾಲಸು."

ವಾಲಿಸಿದೆ.
ತಳದಲ್ಲೆಲ್ಲೋ ಒಂದು ಗುಟುಕು ಸರಿದ ಸದ್ದು.
ನಾಲ್ಕನೆಯದು ಉಬ್ಬಿತು.
ಐದನೆಯದನ್ನು ಒಂದೇ ಮಗ್ಗುಲಿಗೆ ಬೇಯಿಸಿ
ಇದು ನಮಗ, ಅಂತ ಎತ್ತಿಟ್ಟಳು.